ಓದಿನ ಕಾಲದ ಗೆಳೆತನಕ್ಕೆ ಎರಡು ರಾತ್ರಿ

ಬೇರೆ ದೇಶದಲ್ಲಿ ಕೂಡಿ ಓದಿದ ಗೆಳೆಯರು, ಓದು ಮುಗಿದ ಮೇಲೆ ಒಬ್ಬರ ಊರಿಗೆ ಇನ್ನೊಬ್ಬರು ಹೋಗಿ ಶನಿವಾರ, ಭಾನುವಾರ ಕಳೆದು ಬರುವುದು ಇಂದಿನ ಯುರೋಪಿನಲ್ಲಿ ತೀರ ಸಾಮಾನ್ಯವಾದ ರೂಢಿ. ಶುಕ್ರವಾರ ಸಂಜೆ ಕೆಲಸ ಮುಗಿಸಿ ರೈಲು ಹತ್ತುತ್ತಾರೆ, ಗೆಳೆಯರ ಮನೆಯ ಸೋಫಾದ ಮೇಲೆ ಎರಡು ರಾತ್ರಿ ಮಲಗುತ್ತಾರೆ, ಭಾನುವಾರ ಸಂಜೆ ಮರಳುತ್ತಾರೆ. ಇದನ್ನು ಪ್ರವಾಸ ಎನ್ನುವಂತಿಲ್ಲ, ನೋಡಲೇಬೇಕಾದ ಜಾಗಗಳ ಪಟ್ಟಿ ಇದರಲ್ಲಿಲ್ಲ. ನೆಂಟರ ಮನೆಗೆ ಹೋದ ಹಾಗೂ ಅಲ್ಲ, ಮದುವೆ ಮುಂಜಿಯ ನೆಪ ಬೇಕಿಲ್ಲ. ಜೊತೆಯಲ್ಲಿ ಅಡುಗೆ ಮಾಡಿ ಉಂಡು, ನಡೆದಾಡಿ, ಮಾತಾಡಿ, ಮನಸ್ಸು ಹಗುರ ಮಾಡಿಕೊಂಡು ಬರುವುದಷ್ಟೇ ಉದ್ದೇಶ. ಇಷ್ಟು ಸರಳವಾಗಿ ಕಾಣುವ ಈ ಭೇಟಿಯ ಬೆನ್ನಿಗೆ ಒಂದು ವಿದ್ಯಾರ್ಥಿ ವಿನಿಮಯ ಯೋಜನೆ, ಒಂದು ಗಡಿ ಒಪ್ಪಂದ, ದಟ್ಟವಾದ ರೈಲು ಜಾಲ ಮತ್ತು ಕಾನೂನು ಕಾಯುವ ಭಾನುವಾರದ ಬಿಡುವು ನಿಂತಿವೆ.

ಒಂದು ಅವಮಾನದಿಂದ ಹುಟ್ಟಿದ ಯೋಜನೆ

ಯುರೋಪಿನ ವಿದ್ಯಾರ್ಥಿಗಳು ನೆರೆದೇಶದಲ್ಲಿ ಒಂದಷ್ಟು ಕಾಲ ಓದಿ ಬರಲು ಇರುವ ಮುಖ್ಯ ದಾರಿ ಎರಾಸ್ಮಸ್ ಯೋಜನೆ. ಇದರ ಬೇರು ಇಟಲಿಯ ಸೋಫಿಯಾ ಕೊರ್ರಾದಿ ಅವರ ಅನುಭವದಲ್ಲಿದೆ. ಅವರು ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಪಡೆದು 1957-58ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ ಪದವಿಯೊಂದಿಗೆ ರೋಮ್‌ಗೆ ಮರಳಿದರು. ಅಲ್ಲಿನ ವಿಶ್ವವಿದ್ಯಾಲಯ ಆ ಓದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹೊರಗೆ ಓದಿದ್ದು ಊರಲ್ಲಿ ಸಲ್ಲಬೇಕು ಎಂಬ ಒಂದೇ ಬೇಡಿಕೆ ಹಿಡಿದು ಅವರು ವರ್ಷಗಟ್ಟಲೆ ಕುಲಪತಿಗಳ, ಮಂತ್ರಿಗಳ ಬಾಗಿಲು ತಟ್ಟಿದರು. ಯೋಜನೆ ಕಡೆಗೂ 1987ರ ಜೂನ್ 15ರಂದು ಅಂಗೀಕಾರವಾಯಿತು. ಮೊದಲ ವರ್ಷ 11 ದೇಶಗಳಿಂದ 3,244 ವಿದ್ಯಾರ್ಥಿಗಳು ಹೊರಟರು. ಅಂದಿನಿಂದ ಈವರೆಗೆ ಯೋಜನೆಯ ವಿವಿಧ ಶಾಖೆಗಳಲ್ಲಿ ಒಂದೂವರೆ ಕೋಟಿಗೂ ಹೆಚ್ಚು ಜನ ಭಾಗವಹಿಸಿದ್ದಾರೆ. ಕೊರ್ರಾದಿ ಅವರನ್ನು ಯುರೋಪು ಪ್ರೀತಿಯಿಂದ ‘ಮಮ್ಮಾ ಎರಾಸ್ಮಸ್’ ಎಂದೇ ಕರೆಯಿತು. ಅವರು 2025ರಲ್ಲಿ ತೀರಿಕೊಂಡರು.

ಯೋಜನೆಯ ಲೆಕ್ಕಾಚಾರ ಸರಳ. ವಿದ್ಯಾರ್ಥಿ ತನ್ನ ವಿಶ್ವವಿದ್ಯಾಲಯದಲ್ಲೇ ದಾಖಲಾಗಿದ್ದುಕೊಂಡು ಎರಡರಿಂದ ಹನ್ನೆರಡು ತಿಂಗಳು ಬೇರೆ ದೇಶದಲ್ಲಿ ಓದಬಹುದು. ಅಲ್ಲಿ ಬೋಧನಾ ಶುಲ್ಕ ಕಟ್ಟಬೇಕಿಲ್ಲ, ಖರ್ಚಿಗೆ ಒಂದಿಷ್ಟು ಸಹಾಯಧನ ಸಿಗುತ್ತದೆ. ಯಾವ ವಿಷಯ ಓದುವುದು ಎಂದು ಮೊದಲೇ ಬರವಣಿಗೆಯಲ್ಲಿ ಒಪ್ಪಂದವಾಗುತ್ತದೆ. ವರ್ಷಕ್ಕೆ 60 ಕ್ರೆಡಿಟ್‌ಗಳ ಸಮಾನ ಅಳತೆ ಇರುವುದರಿಂದ ಅಲ್ಲಿ ಗಳಿಸಿದ ಅಂಕ ಇಲ್ಲಿಗೆ ಬಂದು ಸೇರುತ್ತದೆ. ಕೊರ್ರಾದಿ ಅವರಿಗೆ ಆದದ್ದು ಇನ್ನೊಬ್ಬರಿಗೆ ಆಗದಿರಲಿ ಎಂಬುದಕ್ಕೆ ಮಾಡಿದ ವ್ಯವಸ್ಥೆ ಇದು.

ಹೆಸರಿನ ಹಿಂದಿನ ಅತಿಥಿ

ಯೋಜನೆಗೆ ಹೆಸರು ಕೊಟ್ಟವನು ರಾಟರ್‌ಡ್ಯಾಮಿನ ಎರಾಸ್ಮಸ್. ಹದಿನೈದು, ಹದಿನಾರನೆಯ ಶತಮಾನದ ಈ ವಿದ್ವಾಂಸ ಪ್ಯಾರಿಸ್ಸಿನಲ್ಲಿ ಓದಿದ, 1506ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಡಾಕ್ಟರ್ ಪದವಿ ಪಡೆದ, ಕೇಂಬ್ರಿಡ್ಜ್‌ನಲ್ಲಿ ಪಾಠ ಹೇಳಿದ, ಲುವೆನ್ ಮತ್ತು ಬಾಸೆಲ್‌ಗಳಲ್ಲಿ ನೆಲೆಸಿದ. ಜೀವನದ ಬಹುಪಾಲನ್ನು ಊರಿಂದೂರಿಗೆ ಅಲೆಯುತ್ತ ಕಳೆದ ಅವನು ಗೆಳೆಯರ ಮನೆಗಳಲ್ಲಿ ಒಳ್ಳೆಯ ಅತಿಥಿಯಾಗಿದ್ದ. ಇಂಗ್ಲೆಂಡಿನ ಥಾಮಸ್ ಮೋರ್‌ನ ಪರಿಚಯ ಅವನಿಗೆ ಆದದ್ದು 1499ರಲ್ಲಿ. ಹತ್ತು ವರ್ಷದ ಬಳಿಕ, 1509ರಲ್ಲಿ, ಇಟಲಿಯಿಂದ ಆಲ್ಪ್ಸ್ ದಾಟಿ ಬಂದು ಲಂಡನ್ನಿನ ಮೋರ್ ಮನೆಯಲ್ಲಿ ಇಳಿದುಕೊಂಡ. ಮೂತ್ರಪಿಂಡದ ನೋವಿನಿಂದ ಹೊರಗೆ ಹೋಗಲಾರದೆ ಮನೆಯಲ್ಲೇ ಉಳಿದ ಅವನು ಕೆಲವೇ ದಿನಗಳಲ್ಲಿ ತನ್ನ ಅತ್ಯಂತ ಪ್ರಸಿದ್ಧ ಕೃತಿ ‘ಮೋರಿಯೇ ಎಂಕೋಮಿಯುಮ್’ ಬರೆದ. ಮೌಢ್ಯವೇ ಎದ್ದು ನಿಂತು ತನ್ನನ್ನು ತಾನು ಹೊಗಳಿಕೊಳ್ಳುವ ಈ ವಿಡಂಬನೆಯ ಹೆಸರಿನಲ್ಲೇ ಮನೆಯೊಡೆಯನ ಹೆಸರಿನ ಶ್ಲೇಷೆ ಇದೆ, ಪುಸ್ತಕ ಅರ್ಪಣೆಯಾಗಿರುವುದೂ ಅವನಿಗೇ.

ದೂರವಿದ್ದಾಗ ಗೆಳೆತನ ಕಾಯುವ ಕೆಲಸವನ್ನು ಕಾಗದಗಳು ಮಾಡುತ್ತಿದ್ದವು. ಎರಾಸ್ಮಸ್ ಬರೆದ ಮತ್ತು ಅವನಿಗೆ ಬಂದ ಮೂರು ಸಾವಿರಕ್ಕೂ ಹೆಚ್ಚು ಪತ್ರಗಳು ಇಂದಿಗೂ ಉಳಿದಿವೆ. ಅವನೂ ಆ್ಯಂಟ್‌ವರ್ಪ್‌ನ ಗೆಳೆಯ ಪೀಟರ್ ಗಿಲ್ಲಿಸ್‌ನೂ 1517ರಲ್ಲಿ ಚಿತ್ರಕಾರ ಕ್ವಿಂಟೆನ್ ಮಾಸೈಸ್‌ನಿಂದ ತಮ್ಮ ಭಾವಚಿತ್ರಗಳನ್ನು ಜೋಡಿಯಾಗಿ ಬರೆಸಿ ಮೋರ್‌ಗೆ ಕಳುಹಿಸಿಕೊಟ್ಟರು. ಇಂದು ಫೋನಿನಲ್ಲಿ ಹೋಗುವ ಜೋಡಿ ಫೋಟೊದ ಕೆಲಸವನ್ನು ಅಂದು ಆ ಎರಡು ಮರದ ಹಲಗೆಗಳು ಮಾಡಿದವು.

ಬೇಗ ಬೆಳೆಯುವ ಗೆಳೆತನ

ಒಂದು ಸೆಮಿಸ್ಟರಿನ ಪರಿಚಯ ಹತ್ತಾರು ವರ್ಷ ಬಾಳುವುದಕ್ಕೆ ಕಾರಣ ಅಲ್ಲಿನ ದಿನಚರಿ. ಗೆಳೆತನಕ್ಕೆ ಬೇಕಾದ ಸಮಯವನ್ನು ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಳೆಯಲು ಯತ್ನಿಸಿದರು. ಹೊಸ ಊರಿಗೆ ಬಂದವರನ್ನೂ ಮೊದಲ ವರ್ಷದ ವಿದ್ಯಾರ್ಥಿಗಳನ್ನೂ ವಿಚಾರಿಸಿ ಅವರು ಕಂಡುಕೊಂಡ ಅಂದಾಜು ಹೀಗಿದೆ: ಪರಿಚಯ ಸ್ನೇಹದ ಕಡೆ ತಿರುಗಲು ಸುಮಾರು 50 ಗಂಟೆ, ಗೆಳೆಯರೆನಿಸಿಕೊಳ್ಳಲು ಸುಮಾರು 90 ಗಂಟೆ, ಆಪ್ತರಾಗಲು 200 ಗಂಟೆಗಿಂತ ಹೆಚ್ಚು. ಬಿಡುವಿನಲ್ಲಿ ಕೂಡಿ ಕಳೆದ ಹೊತ್ತು ಆಪ್ತತೆಯನ್ನು ಹೆಚ್ಚಿಸುತ್ತದೆ ಎಂಬುದೂ ಅದೇ ಅಧ್ಯಯನದಲ್ಲಿ ಕಂಡಿತು.

ಊರಲ್ಲಿ ಈ 200 ಗಂಟೆ ಕೂಡಿಬರಲು ವರ್ಷಗಳೇ ಹಿಡಿಯಬಹುದು. ವಿದೇಶದಲ್ಲಿ ಓದುವವರಿಗೆ ಕೆಲವು ವಾರ ಸಾಕು. ಮನೆಯವರು ದೂರ, ಹಳೆಯ ಗೆಳೆಯರು ದೂರ, ಭಾಷೆ ಹೊಸದು. ಬಟ್ಟೆ ಒಗೆಯುವ ಯಂತ್ರ ಹೇಗೆ ತಿರುಗಿಸುವುದು, ಬ್ಯಾಂಕ್ ಖಾತೆ ಎಲ್ಲಿ ತೆರೆಯುವುದು, ಅಕ್ಕಿ ಎಲ್ಲಿ ಅಗ್ಗ ಎಂಬುದನ್ನೆಲ್ಲ ಕೂಡಿಯೇ ಕಲಿಯಬೇಕು. ಬಹಳ ಮಂದಿ ಇರುವುದು ಹಂಚಿಕೊಂಡ ಮನೆಗಳಲ್ಲಿ. ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಎಲ್ಲರಿಗೂ ಸೇರಿ ಒಂದು ಅಡುಗೆಮನೆ. ಇಂಥ ಮನೆಯನ್ನು ಜರ್ಮನಿಯಲ್ಲಿ ‘ವೇಗೇ’ ಎನ್ನುತ್ತಾರೆ. ಆ ಅಡುಗೆಮನೆಯ ಮೇಜೇ ಗೆಳೆತನ ಹುಟ್ಟುವ ಜಾಗ. ಬಾರ್ಸಿಲೋನಾದ ಇಂಥದೊಂದು ಮನೆಯ ವಿದ್ಯಾರ್ಥಿಗಳ ಕತೆಯನ್ನು ಫ್ರೆಂಚ್ ನಿರ್ದೇಶಕ ಸೆಡ್ರಿಕ್ ಕ್ಲಾಪಿಶ್ 2002ರ ‘ಲೋಬೆರ್ಜ್ ಎಸ್ಪಾನ್ಯೋಲ್’ ಚಿತ್ರದಲ್ಲಿ ಹೇಳಿದರು. ಮೂರು ವರ್ಷದ ಬಳಿಕ ಬಂದ ಎರಡನೆಯ ಚಿತ್ರದಲ್ಲಿ ಅದೇ ಮನೆಯವರು ಮದುವೆಯೊಂದಕ್ಕೆ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮತ್ತೆ ಕೂಡುತ್ತಾರೆ. ಯುರೋಪಿಯನ್ ಆಯೋಗ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎರಾಸ್ಮಸ್‌ನಲ್ಲಿ ಓದಿದವರಲ್ಲಿ ಶೇಕಡ 27ರಷ್ಟು ಮಂದಿ ಬಾಳಸಂಗಾತಿಯನ್ನು ಕಂಡುಕೊಂಡದ್ದು ಆ ದಿನಗಳಲ್ಲೇ.

ಹತ್ತಿರವಾದ ದೂರ

ಗೆಳೆತನ ಗಟ್ಟಿಯಿದ್ದರೂ ಗಡಿಯಲ್ಲಿ ತಾಸುಗಟ್ಟಲೆ ನಿಲ್ಲಬೇಕಾದರೆ ಎರಡು ದಿನದ ಭೇಟಿಗೆ ಯಾರೂ ಹೊರಡುವುದಿಲ್ಲ. ಲಕ್ಸೆಂಬರ್ಗಿನ ಷೆಂಗೆನ್ ಎಂಬ ಪುಟ್ಟ ಊರಿನ ಬಳಿ, ಮೊಸೆಲ್ ನದಿಯ ಮೇಲೆ ನಿಂತ ಹಡಗಿನಲ್ಲಿ, 1985ರ ಜೂನ್ 14ರಂದು ಐದು ದೇಶಗಳು ಗಡಿ ತಪಾಸಣೆ ಕೈಬಿಡುವ ಒಪ್ಪಂದಕ್ಕೆ ಸಹಿ ಹಾಕಿದವು. ಅದು ಜಾರಿಗೆ ಬಂದದ್ದು 1995ರ ಮಾರ್ಚ್ 26ರಂದು. ಮುಂದೆ ಯುರೋಪಿನ ಬಹುಪಾಲು ದೇಶಗಳು ಅದರಲ್ಲಿ ಸೇರಿಕೊಂಡವು. ಯೂರೋ ನೋಟುಗಳು 2002ರ ಜನವರಿಯಲ್ಲಿ ಕೈಗೆ ಬಂದವು, ಹಣ ಬದಲಾಯಿಸುವ ತಾಪತ್ರಯ ತಪ್ಪಿತು. ಎರಾಸ್ಮಸ್ ಯೋಜನೆಗೆ ಸರಿಯಾಗಿ ಮೂವತ್ತು ತುಂಬಿದ ದಿನ, 2017ರ ಜೂನ್ 15ರಂದು, ಯುರೋಪಿಯನ್ ಒಕ್ಕೂಟದೊಳಗೆ ಫೋನಿನ ರೋಮಿಂಗ್ ಶುಲ್ಕವೂ ಹೋಯಿತು.

ರೈಲಿನ ಪಾಲು ಇದಕ್ಕಿಂತ ಹಳೆಯದು. 1972ರಲ್ಲಿ ಶುರುವಾದ ಇಂಟರ್‌ರೇಲ್ ಪಾಸು 21 ವರ್ಷದೊಳಗಿನವರಿಗೆ ಒಂದೇ ಟಿಕೆಟ್ಟಿನಲ್ಲಿ ಒಂದು ತಿಂಗಳು 21 ದೇಶಗಳಲ್ಲಿ ತಿರುಗುವ ಅವಕಾಶ ಕೊಟ್ಟಿತು. ಜರ್ಮನಿಯಲ್ಲಿ 2023ರ ಮೇ ತಿಂಗಳಿನಿಂದ ದೇಶದ ಎಲ್ಲ ಪ್ರಾದೇಶಿಕ ರೈಲು, ಟ್ರಾಮ್, ಸಿಟಿ ಬಸ್ಸುಗಳಿಗೆ ಒಂದೇ ತಿಂಗಳ ಪಾಸು ಇದೆ. ತಿಂಗಳಿಗೆ 49 ಯೂರೋಗೆ ಶುರುವಾದ ಅದರ ದರ 2025ರಲ್ಲಿ 58 ಯೂರೋ ಆಯಿತು. ವೇಗದ ರೈಲುಗಳಲ್ಲಿ ಈ ಪಾಸು ನಡೆಯುವುದಿಲ್ಲ. ಆದರೆ ಕಿಸೆಯಲ್ಲಿ ಪಾಸು ಇದ್ದವರಿಗೆ ನೂರಿನ್ನೂರು ಕಿಲೋಮೀಟರ್ ಆಚೆಯ ಗೆಳೆಯರನ್ನು ನೋಡಲು ಬೇರೆ ಟಿಕೆಟ್ಟು ಬೇಡ, ಹೊರಡುವ ಮನಸ್ಸು ಮಾಡಿದರೆ ಸಾಕು.

ಫ್ರೈಬುರ್ಗ್‌ನಲ್ಲಿ ಒಂದು ವಾರಾಂತ್ಯ

ಇಂಥ ಭೇಟಿ ಹೇಗೆ ನಡೆಯುತ್ತದೆ ಎಂದು ತಿಳಿಯಲು ಜರ್ಮನಿಯ ನೈಋತ್ಯ ಮೂಲೆಯ ಫ್ರೈಬುರ್ಗ್ ತಕ್ಕ ಊರು. ಕಪ್ಪು ಅರಣ್ಯದ ಬೆಟ್ಟಸಾಲು ಇಲ್ಲಿ ರೈನ್ ಬಯಲಿಗೆ ಇಳಿಯುತ್ತದೆ. ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡ್ ಗಡಿಗಳೆರಡೂ ಹತ್ತಿರ. ಇಲ್ಲಿನ ವಿಶ್ವವಿದ್ಯಾಲಯ 1457ರಲ್ಲಿ ಸ್ಥಾಪನೆಯಾದದ್ದು. ಸ್ವತಃ ಎರಾಸ್ಮಸ್, ಬಾಸೆಲ್‌ನಲ್ಲಿ ಧರ್ಮಸುಧಾರಣೆಯ ಗಲಭೆ ಎದ್ದಾಗ, 1529ರಲ್ಲಿ ಈ ಊರಿಗೆ ಬಂದು ಆರು ವರ್ಷ ಇದ್ದ. ಅವನು ಮೊದಲು ಉಳಿದುಕೊಂಡಿದ್ದ ‘ತಿಮಿಂಗಿಲದ ಮನೆ’ ಎಂಬ ಕೆಂಪು ಕಟ್ಟಡ ಹಳೆಯ ಊರಿನ ನಡುವೆ ಈಗಲೂ ನಿಂತಿದೆ.

ಶುಕ್ರವಾರ ರಾತ್ರಿಗೆ ಹೆಚ್ಚಿನದೇನೂ ಇಟ್ಟುಕೊಳ್ಳುವುದಿಲ್ಲ. ಊರಲ್ಲಿರುವ ಗೆಳೆಯರು ನಿಲ್ದಾಣಕ್ಕೆ ಬಂದು ಕರೆದುಕೊಂಡು ಹೋಗುತ್ತಾರೆ. ಬಂದವರು ಬಾಗಿಲಲ್ಲಿ ಬೂಟು ಬಿಟ್ಟು ಮನೆಯೊಳಗಿನ ಚಪ್ಪಲಿ ಮೆಟ್ಟಿ, ತಮ್ಮ ಊರಿಂದ ತಂದ ಚಿಕ್ಕ ಉಡುಗೊರೆಯನ್ನು ಮೇಜಿನ ಮೇಲಿಡುತ್ತಾರೆ: ಒಂದು ಚೀಸ್ ತುಂಡು, ಒಂದು ಬಾಟಲಿ ವೈನು, ಇಲ್ಲವೇ ಊರಿನ ಬೇಕರಿಯ ಬಿಸ್ಕತ್ತು. ಅದೇ ಮೇಜಿನ ಸುತ್ತ ಮಾತು ನಡುರಾತ್ರಿ ದಾಟುತ್ತದೆ. ಮೊದಲು ಕೆಲಸದ ಸುದ್ದಿ, ಆಮೇಲೆ ಉಳಿದ ಗೆಳೆಯರ ಸುದ್ದಿ, ಕೊನೆಗೆ ಓದಿನ ದಿನಗಳ ಕತೆಗಳು.

ಶನಿವಾರ ಬೆಳಿಗ್ಗೆ ಮ್ಯುನ್ಸ್ಟರ್ ಎಂಬ ಮುಖ್ಯ ಚರ್ಚಿನ ಸುತ್ತಲಿನ ಸಂತೆಗೆ ಹೋಗುವುದು ಊರವರಿಗೂ ರೂಢಿ. ಚರ್ಚಿನ ಗೋಪುರ 116 ಮೀಟರ್ ಎತ್ತರ. 1944ರ ನವೆಂಬರ್ 27ರ ಬಾಂಬ್ ದಾಳಿಯಲ್ಲಿ ಸುತ್ತಲ ಹಳೆಯ ಊರು ನೆಲಸಮವಾದರೂ ಈ ಗೋಪುರ ಉಳಿಯಿತು. ಚೌಕದ ಉತ್ತರಕ್ಕೆ ಸುತ್ತಲ ಹಳ್ಳಿಗಳ ರೈತರು ತರಕಾರಿ, ಹಣ್ಣು, ಜೇನು, ಹೂವು ಹರಡಿಕೊಂಡು ಕೂತಿರುತ್ತಾರೆ. ವಸಂತದಲ್ಲಿ ಬಂದವರಿಗೆ ಬಿಳಿ ಶತಾವರಿ ಕಂದು ಸಿಗುತ್ತದೆ. ಜೂನ್ 24ರ ಸಂತ ಜಾನ್ ಹಬ್ಬಕ್ಕೆ ಅದರ ಕೊಯ್ಲು ನಿಲ್ಲುತ್ತದೆ. ಮಾಂಸ ತಿನ್ನುವವರು ‘ಲಾಂಗೆ ರೋಟೆ’ ಎಂಬ ಉದ್ದನೆಯ ಸಾಸೇಜನ್ನು ಬ್ರೆಡ್ಡಿಗೆ ಸಿಕ್ಕಿಸಿ ನಿಂತೇ ತಿನ್ನುತ್ತಾರೆ. ಭಾನುವಾರ ಅಂಗಡಿ ತೆರೆಯುವುದಿಲ್ಲವಾದ್ದರಿಂದ ಎರಡೂ ದಿನದ ಸಾಮಾನು ಆಗಲೇ ಚೀಲ ಸೇರಬೇಕು. ಏನು ಅಡುಗೆ ಮಾಡುವುದು ಎಂದು ನಿರ್ಧಾರವಾಗುವುದು ಈ ಸಂತೆಯಲ್ಲೇ.

ಮಧ್ಯಾಹ್ನ ಹಳೆಯ ಬೀದಿಗಳ ಸುತ್ತಾಟ. ಫ್ರೈಬುರ್ಗ್‌ನ ಬೀದಿಗಳ ಅಂಚಿನಲ್ಲಿ ‘ಬೆಹ್ಲೆ’ ಎಂಬ ಪುಟ್ಟ ಕಾಲುವೆಗಳು ಹರಿಯುತ್ತವೆ. ದ್ರೈಸಾಮ್ ನದಿಯ ನೀರನ್ನು ಊರೊಳಗೆ ತರುವ ಈ ಕಾಲುವೆಗಳು ಮಧ್ಯಯುಗದಿಂದ ಇವೆ. ಬೆಂಕಿ ಆರಿಸಲು, ದನಕರುಗಳಿಗೆ ಕುಡಿಸಲು ಅಂದು ಇವೇ ಆಸರೆಯಾಗಿದ್ದವು. ಈಗ ಮಕ್ಕಳು ದಾರ ಕಟ್ಟಿದ ಮರದ ದೋಣಿಗಳನ್ನು ಇವುಗಳಲ್ಲಿ ಎಳೆದುಕೊಂಡು ಓಡುತ್ತಾರೆ, ಬೇಸಿಗೆಯಲ್ಲಿ ದೊಡ್ಡವರೂ ಬೂಟು ಕಳಚಿ ಕಾಲು ಇಳಿಬಿಡುತ್ತಾರೆ. ಅರಿವಿಲ್ಲದೆ ಇದರಲ್ಲಿ ಕಾಲಿಟ್ಟವರು ಫ್ರೈಬುರ್ಗ್‌ನವರನ್ನೇ ಮದುವೆಯಾಗುತ್ತಾರೆ ಎಂಬ ಮಾತಿದೆ. ಬಂದ ಗೆಳೆಯರಿಗೆ ಇದನ್ನು ಹೇಳದೆ ಬಿಡುವ ಊರವರಿಲ್ಲ.

ಭಾನುವಾರ ತಡವಾಗಿ ಏಳುತ್ತಾರೆ. ಬೆಳಗಿನ ಕೆಲವು ಗಂಟೆ ತೆರೆದಿರುವ ಬೇಕರಿಯಿಂದ ಒಬ್ಬರು ಬಿಸಿ ಬನ್ನು ತರುತ್ತಾರೆ, ತಿಂಡಿ ಮಧ್ಯಾಹ್ನದವರೆಗೂ ನಡೆಯುತ್ತದೆ. ಆಮೇಲೆ ನದಿಯ ದಂಡೆಯಲ್ಲಿ ನಡಿಗೆ, ಹವೆ ಚೆನ್ನಾಗಿದ್ದರೆ ಶೌಇನ್ಸ್‌ಲಾಂಡ್ ಬೆಟ್ಟ. ‘ನಾಡನ್ನು ನೋಡು’ ಎಂಬ ಅರ್ಥದ ಹೆಸರುಳ್ಳ ಈ ಬೆಟ್ಟ 1,284 ಮೀಟರ್ ಎತ್ತರ. ಟ್ರಾಮ್, ಬಸ್ಸು ಹಿಡಿದು ತಪ್ಪಲಿಗೆ ಹೋದರೆ ಅಲ್ಲಿಂದ ಮೇಲಕ್ಕೆ 1930ರಲ್ಲಿ ಶುರುವಾದ, 3.6 ಕಿಲೋಮೀಟರ್ ಉದ್ದದ ಕೇಬಲ್ ಕಾರು ಇದೆ. ಪುಟ್ಟ ಡಬ್ಬಿಯಲ್ಲಿ ಎದುರುಬದುರು ಕೂತು ಸುಮಾರು ಇಪ್ಪತ್ತು ನಿಮಿಷ ಏರಬೇಕು. ಮೇಲೆ ಗಾಳಿಯ ಹೊಡೆತಕ್ಕೆ ಒಂದೇ ಪಕ್ಕಕ್ಕೆ ಬಾಗಿ ಬೆಳೆದ ಬೀಚ್ ಮರಗಳಿವೆ. ಪಶ್ಚಿಮಕ್ಕೆ ರೈನ್ ಬಯಲು, ಅದರಾಚೆ ಫ್ರಾನ್ಸಿನ ವೋಜ್ ಬೆಟ್ಟಗಳು, ನಿಚ್ಚಳವಾದ ದಿನ ದಕ್ಷಿಣಕ್ಕೆ ಆಲ್ಪ್ಸ್ ಕಾಣುತ್ತವೆ.

ಇಳಿದು ಬಂದ ಮೇಲೆ ಕಾಫಿ ಮತ್ತು ಕೇಕ್. ಭಾನುವಾರ ಮಧ್ಯಾಹ್ನದ ಈ ಕಾಫಿ ಜರ್ಮನರ ಮನೆಗಳಲ್ಲಿ ಊಟದಷ್ಟೇ ನಿಯಮದ್ದು. ಕಪ್ಪು ಅರಣ್ಯದ ಸೀಮೆಯಲ್ಲಿ ಕೇಕ್ ಎಂದರೆ ಬೆಂಗಳೂರಿನ ಬೇಕರಿಗಳಲ್ಲೂ ‘ಬ್ಲ್ಯಾಕ್ ಫಾರೆಸ್ಟ್’ ಎಂದು ಸಿಗುವುದರ ಮೂಲರೂಪ: ಚಾಕೊಲೇಟ್ ಕೇಕಿನ ಪದರ, ಕಡೆದ ಕೆನೆ, ಹುಳಿ ಚೆರ್ರಿ, ಜೊತೆಗೆ ಚೆರ್ರಿಯಿಂದ ಭಟ್ಟಿ ಇಳಿಸಿದ ಕಿರ್ಶ್ ಮದ್ಯ. ಅದಾದ ಮೇಲೆ ನಿಲ್ದಾಣದ ದಾರಿ.

ದಣಿವು ಆರುವುದು ಹೇಗೆ

ಈ ಎರಡು ದಿನದಲ್ಲಿ ಪ್ರಯಾಣವಿದೆ, ನಡಿಗೆಯಿದೆ, ನಿದ್ದೆ ಕಡಿಮೆಯಿದೆ. ಆದರೂ ಹೋಗಿ ಬಂದವರು ಹಗುರಾಗಿರುತ್ತಾರೆ. ಕೆಲಸದ ದಣಿವು ಹೇಗೆ ಆರುತ್ತದೆ ಎಂಬುದನ್ನು ಅಧ್ಯಯನ ಮಾಡಿದ ಜರ್ಮನ್ ಮನಶ್ಶಾಸ್ತ್ರಜ್ಞೆ ಸಬೀನ ಸೊನ್ನೆನ್‌ಟಾಗ್ ಮತ್ತು ಷಾರ್ಲಟ್ ಫ್ರಿಟ್ಸ್ 2007ರಲ್ಲಿ ನಾಲ್ಕು ಅಂಶಗಳನ್ನು ಗುರುತಿಸಿದರು: ಕೆಲಸದ ಯೋಚನೆ ಕಳಚಿಕೊಳ್ಳುವುದು, ಮೈಮನ ಸಡಿಲವಾಗುವುದು, ಹೊಸದೊಂದನ್ನು ಕಲಿತ ಅನುಭವ, ತನ್ನ ಹೊತ್ತು ತನ್ನ ಕೈಯಲ್ಲಿದೆ ಎಂಬ ಭಾವ. ಗೆಳೆಯರ ಮನೆಯ ವಾರಾಂತ್ಯದಲ್ಲಿ ಈ ನಾಲ್ಕಕ್ಕೂ ಜಾಗವಿದೆ. ಕಚೇರಿ ಬೇರೆ ಊರಿನಲ್ಲಿ ಉಳಿದಿರುತ್ತದೆ. ಬೆಟ್ಟವೂ ಅಡುಗೆಯೂ ಹೊಸತು. ಮೆಚ್ಚಿಸಬೇಕಾದವರು ಯಾರೂ ಇಲ್ಲ, ಏಕೆಂದರೆ ಪರೀಕ್ಷೆಯ ಹಿಂದಿನ ರಾತ್ರಿಯ ಕೆದರಿದ ತಲೆಯನ್ನೂ ಸೀದ ಅನ್ನವನ್ನೂ ಇಬ್ಬರೂ ಎಂದೋ ನೋಡಿದವರು. ಓದಿನ ಕಾಲದಲ್ಲಿ ಅವರನ್ನು ಬೆಸೆದದ್ದು ಅಡುಗೆ, ಸಾಮಾನು ತರುವುದು, ಪಾತ್ರೆ ತೊಳೆಯುವುದು. ಈಗ ಮಾಡುವುದೂ ಅದನ್ನೇ.

ಇದಕ್ಕೆ ಬೇಕಾದ ನಿಶ್ಶಬ್ದವನ್ನು ಜರ್ಮನಿಯಲ್ಲಿ ಸಂವಿಧಾನವೇ ಒದಗಿಸಿದೆ. ಭಾನುವಾರ ಮತ್ತು ಹಬ್ಬದ ದಿನಗಳು ದುಡಿಮೆಯಿಂದ ಬಿಡುವಿನ ದಿನಗಳು ಎಂದು 1919ರ ವೈಮರ್ ಸಂವಿಧಾನದ 139ನೆಯ ವಿಧಿ ರಕ್ಷಣೆ ಕೊಟ್ಟಿತು. ‘ಮೂಲ ಕಾನೂನು’ ಎಂಬ 1949ರ ಈಗಿನ ಸಂವಿಧಾನ ಅದನ್ನು ಹಾಗೆಯೇ ಉಳಿಸಿಕೊಂಡಿತು. ನಿಲ್ದಾಣದ ಅಂಗಡಿ, ಪೆಟ್ರೋಲ್ ಬಂಕ್, ಬೇಕರಿಯಂಥ ಕೆಲವು ಬಿಟ್ಟರೆ ಉಳಿದ ಅಂಗಡಿಗಳು ಮುಚ್ಚಿರುತ್ತವೆ. ಗೋಡೆಗೆ ಡ್ರಿಲ್ ಹಾಕುವುದು, ಹುಲ್ಲು ಕತ್ತರಿಸುವ ಯಂತ್ರ ಓಡಿಸುವುದು ಕೂಡದು. ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ಮೊದಲು ಬೇಸರ ತರಿಸುವ ಈ ಕಟ್ಟುಪಾಡನ್ನೇ ಮುಂದೆ ಅವರು ನೆನೆದು ಹೊಗಳುತ್ತಾರೆ. ಕೊಳ್ಳಲು ಏನೂ ಇಲ್ಲದ ದಿನ ಮಾತಿಗೆ ಹೊತ್ತು ಸಿಗುತ್ತದೆ.

ಕನ್ನಡಿಗರ ಪಾಲು

ಬಾಸೆಲ್ ಮಿಷನ್ನಿನ ಮೂಲಕ ಕರ್ನಾಟಕಕ್ಕೆ ಈ ಸೀಮೆಯ ಹೆಸರು ಹೊಸದಲ್ಲ. ಕಿಟೆಲ್ ಅವರನ್ನು ನಮ್ಮ ನಾಡಿಗೆ ಕಳುಹಿಸಿದ ಬಾಸೆಲ್, ಫ್ರೈಬುರ್ಗ್‌ನಿಂದ ರೈಲಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಇಂದು ಜರ್ಮನಿಯಲ್ಲಿ ಓದುವ ವಿದೇಶಿಯರಲ್ಲಿ ಭಾರತೀಯರದ್ದೇ ದೊಡ್ಡ ಗುಂಪು. 2023-24ರ ಚಳಿಗಾಲದ ಸೆಮಿಸ್ಟರಿನಲ್ಲಿ ಅವರ ಸಂಖ್ಯೆ 49,000 ದಾಟಿತ್ತು, ಕನ್ನಡಿಗರೂ ಅವರಲ್ಲಿದ್ದಾರೆ. 2004ರಲ್ಲಿ ಶುರುವಾದ ಎರಾಸ್ಮಸ್ ಮುಂಡಸ್ ಶಾಖೆಯಲ್ಲಿ ಭಾರತೀಯರೂ ಸೇರಿ ಎಲ್ಲ ದೇಶಗಳವರು ವಿದ್ಯಾರ್ಥಿವೇತನ ಪಡೆದು, ಎರಡು ಅಥವಾ ಹೆಚ್ಚು ದೇಶಗಳಲ್ಲಿ ಓದಿ ಸ್ನಾತಕೋತ್ತರ ಪದವಿ ಗಳಿಸಬಹುದು. ಷೆಂಗೆನ್ ವಲಯದ ಒಂದು ದೇಶದಲ್ಲಿ ವಾಸದ ಪರವಾನಗಿ ಇದ್ದವರು 180 ದಿನಗಳಲ್ಲಿ 90 ದಿನದವರೆಗೆ ವಲಯದ ಉಳಿದ ದೇಶಗಳಿಗೆ ವೀಸಾ ಇಲ್ಲದೆ ಹೋಗಿ ಬರಬಹುದು. ಪರವಾನಗಿ ಚೀಟಿ ಮತ್ತು ಪಾಸ್‌ಪೋರ್ಟ್ ಜೊತೆಯಲ್ಲಿರಬೇಕು.

ಇವರ ವಾರಾಂತ್ಯಕ್ಕೆ ಬೇರೆಯದೊಂದು ರುಚಿಯಿದೆ. ವಾರವೆಲ್ಲ ಜರ್ಮನ್, ಇಂಗ್ಲಿಷ್ ಎಂದು ಪದ ಹುಡುಕುವವರಿಗೆ ಎರಡು ದಿನ ಯೋಚಿಸದೆ ಕನ್ನಡದಲ್ಲಿ ಮಾತಾಡುವುದೇ ದೊಡ್ಡ ವಿಶ್ರಾಂತಿ. ಊರಿಂದ ಬಂದ ಸಾರಿನಪುಡಿ, ಉಪ್ಪಿನಕಾಯಿ ಇಂಥ ದಿನಕ್ಕೆಂದೇ ಉಳಿದಿರುತ್ತವೆ. ಜೊತೆಗೆ ಓದಿದ ಇಟಲಿಯವರೋ ಪೋಲೆಂಡಿನವರೋ ಬಂದರೆ ಅವರಿಗೂ ಅದೇ ಚಿತ್ರಾನ್ನ, ಅವರ ಕೈಯಿಂದ ಪಾಸ್ತಾ. ಗೆಳೆಯರ ಮನೆಯ ಅಡುಗೆ ಕಲಿತು ಬರುವುದು ಈ ಭೇಟಿಗಳ ದೊಡ್ಡ ಲಾಭಗಳಲ್ಲೊಂದು.

ಉಳಿಸಿಕೊಳ್ಳುವ ಬಗೆ

ಈ ರೂಢಿಗೆ ಬರೆದಿಡದ ಕೆಲವು ನಿಯಮಗಳಿವೆ. ದಿನಾಂಕವನ್ನು ವಾರಗಳ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಮನೆ ಹಂಚಿಕೊಂಡ ಉಳಿದವರ ಒಪ್ಪಿಗೆಯನ್ನೂ ಕೇಳಬೇಕು. ಬಂದವರು ಅಡುಗೆಯಲ್ಲಿ ಕೈಜೋಡಿಸುತ್ತಾರೆ, ಹೊರಡುವ ಮುನ್ನ ಹಾಸಿಗೆ ಮಡಿಸಿ, ಖಾಲಿ ಬಾಟಲಿಗಳನ್ನು ಒಂದೆಡೆ ಸೇರಿಸಿಡುತ್ತಾರೆ. ಅತಿಥಿಯೂ ಮೀನೂ ಮೂರನೆಯ ದಿನಕ್ಕೆ ನಾರುತ್ತವೆ ಎಂಬ ಗಾದೆ ಜರ್ಮನರಲ್ಲಿದೆ. ಎರಡು ರಾತ್ರಿಯ ಅಳತೆ ಆ ಗಾದೆಗೂ ಒಪ್ಪುತ್ತದೆ, ಸೋಮವಾರದ ಕೆಲಸಕ್ಕೂ ಒಪ್ಪುತ್ತದೆ.

ಕಷ್ಟವಾಗುವುದು ವರ್ಷಗಳ ಮೌನದ ಬಳಿಕ ಮೊದಲ ಸಂದೇಶ ಕಳುಹಿಸುವುದು. ಇಷ್ಟು ದಿನದ ಮೇಲೆ ಹೇಗೆ ಕೇಳುವುದು ಎಂಬ ಅಳುಕಿಗೆ ಎಷ್ಟೋ ಗೆಳೆತನಗಳು ಸೊರಗುತ್ತವೆ. ಮರೆತುಹೋದ ಗೆಳೆಯರಿಂದ ಬಂದ ಸುದ್ದಿ ಎದುರಿನವರಿಗೆ ಎಷ್ಟು ಸಂತೋಷ ಕೊಡುತ್ತದೆ ಎಂಬುದನ್ನು ಕಳುಹಿಸುವವರು ಕಡಿಮೆ ಅಂದಾಜು ಮಾಡುತ್ತಾರೆ ಎಂದು ಸಂಶೋಧಕಿ ಪೆಗಿ ಲಿಯು ಮತ್ತು ಸಂಗಡಿಗರ 2022ರ ಸಂಶೋಧನೆ ತೋರಿಸಿತು. ಕಾಗದ ಬರೆದದ್ದು ಅನಿರೀಕ್ಷಿತವಾದಷ್ಟೂ ಸಂತೋಷ ಹೆಚ್ಚು. ಆದ್ದರಿಂದ ಅಳುಕಿಗಿಂತ ಒಂದು ಸಾಲು ಮೇಲು.

ಭಾನುವಾರ ಸಂಜೆಯ ರೈಲು ಸಾಮಾನ್ಯವಾಗಿ ತುಂಬಿರುತ್ತದೆ. ಬೆಟ್ಟದಿಂದ ಇಳಿದವರು, ಸೈಕಲ್ ಹಿಡಿದವರು, ತವರಿಗೆ ಹೋಗಿ ಹಾಸ್ಟೆಲಿಗೆ ಮರಳುವ ವಿದ್ಯಾರ್ಥಿಗಳು. ಪ್ಲಾಟ್‌ಫಾರಮ್ಮಿನಲ್ಲಿ ಉಳಿಯುವವರೂ ಹತ್ತುವವರೂ ಬೀಳ್ಕೊಳ್ಳುವ ಮುನ್ನ ಇತ್ಯರ್ಥ ಮಾಡಿಕೊಳ್ಳುವ ಸಂಗತಿ ಒಂದೇ: ಮುಂದಿನ ಸಲ ಯಾರ ಊರು, ಯಾವ ತಿಂಗಳು.